ನೀರು ಕುಡಿದು ಕೇಳುವ ಮಾತು

ಆಗಸ್ಟ್ ೯, ೧೯೪೩, ಸೋಮವಾರ

ಇಲ್ಲಿ ಯಾರೂ ದಿನಚರಿ ಬರೆಯಕೂಡದೆಂದು ಆಜ್ಞೆಯಿದೆ. ಶತ್ರುವಿನ ಕೈಗೆ ಸಿಕ್ಕರೆ ಗುಟ್ಟು ರಟ್ಟಾಗುತ್ತದಂತೆ. ನಾನು ಬರೆಯುವುದು ಫಾಂಟಿ ಭಾಷೆಯಲ್ಲಿ. ಲಿಂಕನ್‌ಶೈರಿನ ಈ ವಿಮಾನ ನೆಲೆಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ, ಒಬ್ಬ ನಾನು, ಇನ್ನೊಬ್ಬ ಫೀಫಿ. ಫೀಫಿಗೆ ಓದುವ ತಾಳ್ಮೆ ಇಲ್ಲ. ಜರ್ಮನಿಯವರು ಓದಬೇಕಾದರೆ ಮೊದಲು ಗೋಲ್ಡ್ ಕೋಸ್ಟಿಗೆ ಹೋಗಿ, ಅನೊಮಾಬುವಿನಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಯ ಬೆಂಚಿನ ಮೇಲೆ ಮೂರು ವರ್ಷ ಕೂರಬೇಕು.

ಇವತ್ತು ಊರಿನ ಟಪಾಲು ಬಂತು. ನನಗೇನೂ ಇರಲಿಲ್ಲ. ತಂದೆತಾಯಿ ಇಲ್ಲದೆ ಮಿಷನ್ ಮನೆಯಲ್ಲಿ ಬೆಳೆದವನಿಗೆ ಕಾಗದ ಬರೆಯುವವರು ಯಾರು? ಫೀಫಿಗೆ ಮಾತ್ರ ಅವನ ಅವ್ವನ ಕಾಗದ ತಪ್ಪುವುದಿಲ್ಲ. ಆಕೆಗೆ ಅಕ್ಷರ ಬಾರದು. ಸಾಲ್ಟ್‌ಪಾಂಡಿನ ಲಾರಿ ನಿಲ್ದಾಣದಲ್ಲಿ ಕರಿದ ಮೀನು, ಬಾಳೆಯೆಲೆಯಲ್ಲಿ ಕಟ್ಟಿದ ಡೊಕೊನೊ ಎಂಬ ಮೆಕ್ಕೆಜೋಳದ ಕಡುಬು ಮಾರುತ್ತಾಳೆ. ಅವಳು ಹೇಳಿದ್ದನ್ನು ಮಗಳು ಆರಬಾ ಬರೆಯುತ್ತಾಳೆ. ಕೊನೆಗೆ ಅವ್ವ ತಾಳೆ ಎಣ್ಣೆಯಲ್ಲಿ ಅದ್ದಿದ ಹೆಬ್ಬೆರಳನ್ನು ಕಾಗದದ ಬುಡದಲ್ಲಿ ಒತ್ತುತ್ತಾಳೆ. ಫೀಫಿ ಓದುವ ಮೊದಲು ಆ ಕೆಂಪು ಗುರುತನ್ನು ಮೂಸುತ್ತಾನೆ.

"ಏನೋ ಇದು, ಓದೋದು ಬಿಟ್ಟು ನಾಯಿ ಹಾಗೆ ಮೂಸ್ತಾ ಕೂತಿದ್ದೀಯ?"

"ನಿಮಗೇನು ಗೊತ್ತು ಮೇಷ್ಟ್ರೇ. ಬುಧವಾರ, ಸಂತೆ ದಿನ ಬರೆದ ಕಾಗದ ಇದು. ಮೀನಿನ ವಾಸನೆ ಜಾಸ್ತಿ ಇದೆ."

ಪ್ರತಿ ಸಲ ಇದೇ ಮಾತು ನಮ್ಮದು. ಇವತ್ತು ಮಾತ್ರ ಮೂಸಿದವನು ಆ ಮಾತು ಬಿಟ್ಟು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಏನು, ಎಣ್ಣೆಗೂ ರೇಷನ್ ಬಂತಾ ನಿಮ್ಮೂರಲ್ಲಿ?" ಎಂದೆ. ನಗಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಹೋದ.

ಫೀಫಿ ನನ್ನ ಒಡಹುಟ್ಟಿದವನಲ್ಲ. ಎರಡು ವರ್ಷದ ಹಿಂದೆ ಟಕೊರಾಡಿಯಲ್ಲಿ ಹಡಗು ಹತ್ತುವಾಗ "ನಿಮ್ಮದು ಯಾವ ಕುಲ?" ಎಂದು ಕೇಳಿದ. ಅನೋನಾ, ಗಿಣಿ ಕುಲ ಎಂದೆ. ಅವನದೂ ಅದೇ. ಒಂದೇ ಕುಲದವರೆಂದರೆ ಅಣ್ಣತಮ್ಮಂದಿರೇ, ಅದರಲ್ಲಿ ಎರಡು ಮಾತಿಲ್ಲ. ಅವತ್ತಿನಿಂದ ನನ್ನ ಸೋಪು ನನ್ನದಾಗಿ ಉಳಿದಿಲ್ಲ.

ಆಗಸ್ಟ್ ೨೧

ಶತ್ರುವಿನ ಮೇಲೆ ಬಾಂಬು ಹಾಕಿ ಬರುವ ಏಳನೆಯ ಹಾರಾಟ ಮುಗಿಯಿತು. ಮೂವತ್ತು ಮುಗಿಸಿದವನಿಗೆ ಊರಿಗೆ ರಜೆ.

ವಿಮಾನಕ್ಕೆ ದಾರಿ ಹೇಳುವುದು ನನ್ನ ಕೆಲಸ. ಪರದೆಯ ಹಿಂದೆ ಒಂದು ಪುಟ್ಟ ಮೇಜು, ನಕ್ಷೆ, ಸೀಸದಕಡ್ಡಿ, ಗಡಿಯಾರ. ಹೊರಗೆ ಏನು ಉರಿಯುತ್ತಿದೆ ಎಂದು ನೋಡುವ ಗೋಜಿಲ್ಲ, ನೋಡುವ ಆಸೆಯೂ ಇಲ್ಲ. ನಮ್ಮ ಪೈಲಟ್ ಹೆಬ್ಡನ್ ಇಪ್ಪತ್ತೊಂದು ವರ್ಷದವನು, ಉಣ್ಣೆ ಗಿರಣಿಯವರ ಮಗ. ನಾವು ಅವನನ್ನು ಸ್ಕಿಪ್ಪರ್ ಎನ್ನುತ್ತೇವೆ. ಫೀಫಿಯಿಂದ ಕಲಿತು ಅವನೂ ನನ್ನನ್ನು ಮೇಷ್ಟ್ರು ಎನ್ನುತ್ತಾನೆ.

"ಮೇಷ್ಟ್ರೇ, ನಿನ್ನ ಕೈ ನಡುಗೋದೇ ಇಲ್ವಲ್ಲ, ಹೇಗೆ? ಹೆದರಿಕೆ ಆಗಲ್ವಾ?" ಎಂದು ಕೇಳಿದ ಇವತ್ತು.

"ನಾನು ಹೋದ್ರೆ ಅಳೋರು ಯಾರೂ ಇಲ್ಲ ಸ್ಕಿಪ್ಪರ್. ಹೆದರಿಕೆಗೂ ಒಂದು ವಿಳಾಸ ಬೇಕಲ್ಲ."

ತಮಾಷೆಗೆ ಹೇಳಿದ್ದಲ್ಲ. ಇದ್ದದ್ದನ್ನೇ ಹೇಳಿದೆ.

ಫೀಫಿ ಬೇರೆ ವಿಮಾನದಲ್ಲಿ, ಬಾಲದ ತುದಿಯ ಗಾಜಿನ ಗೂಡಿನಲ್ಲಿ, ನಾಲ್ಕು ಬಂದೂಕುಗಳ ನಡುವೆ ಒಬ್ಬನೇ ಕೂರುತ್ತಾನೆ. ಅಲ್ಲಿ ಉಸಿರು ಹೆಪ್ಪುಗಟ್ಟುತ್ತದೆ. ಅವನು ಹಾಡು ಹೇಳುತ್ತಾನಂತೆ, ಅವರ ಪೈಲಟ್ ಬಾಯಿ ಮುಚ್ಚು ಎಂದು ಗದರುತ್ತಾನಂತೆ. ಹಳ್ಳಿಯ ಹೆಂಡದಂಗಡಿಯಲ್ಲಿ ನಿನ್ನೆ ಒಬ್ಬ ಮುದುಕಿ ಅವನ ಕೈ ಉಜ್ಜಿ ನೋಡಿ, "ಈ ಬಣ್ಣ ಹೋಗಲ್ವಾ ಮಗಾ?" ಎಂದಳು. "ಬರುವಾಗ ಬೆಳ್ಳಗೇ ಇದ್ದೆ ಅಜ್ಜಿ, ನಿಮ್ಮೂರ ಟೀ ಕುಡಿದು ಕುಡಿದು ಹೀಗಾದೆ" ಎಂದ. ಮುದುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನಾಗಿದ್ದರೆ ಮುಖ ಗಂಟಿಕ್ಕಿಕೊಂಡು ಎದ್ದು ಬರುತ್ತಿದ್ದೆ.

ಸೆಪ್ಟೆಂಬರ್ ೩, ಶುಕ್ರವಾರ

ಸಂಜೆಗೆ ಹಾರಾಟವಿದೆ. ಮಧ್ಯಾಹ್ನ ನಕ್ಷೆ ಹರಡಿಕೊಂಡು ಕೂತಿದ್ದಾಗ ಫೀಫಿ ಬಂದ. ನಿಂತೇ ಇದ್ದ.

"ಮೇಷ್ಟ್ರೇ, ಒಂದು ಮಾತಿತ್ತು. ನೀರು ಕುಡಿದು ಕೇಳೋ ಮಾತು."

ನಮ್ಮ ಕಡೆ ದೊಡ್ಡ ಸುದ್ದಿಯನ್ನು ನಿಂತ ಕಾಲಲ್ಲಿ ಹೇಳುವುದಿಲ್ಲ. ಕೂರಿಸಬೇಕು, ನೀರು ಕೊಡಬೇಕು, ಅದು ಗಂಟಲಲ್ಲಿ ಇಳಿದ ಮೇಲೆ ಮಾತು. ನನಗೆ ಅಷ್ಟು ಹೊತ್ತಿರಲಿಲ್ಲ. ಗಾಳಿಯ ಲೆಕ್ಕ ಎರಡು ಸಲ ತಪ್ಪಿತ್ತು.

"ನಾಳೆ ಹೇಳೋ. ಹುಡುಗಿ ವಿಷಯ ಆದ್ರೆ ನೀರು ಬೇಡ, ಬಿಯರ್ ಕೊಡಿಸು."

ಅವನು ನಕ್ಕ. "ಆಯ್ತು, ನಾಳೆ. ಇವತ್ತು ಹೇಗೂ ಶುಕ್ರವಾರ, ನಂದೇ ದಿನ."

ಫೀಫಿ ಎಂದರೆ ಶುಕ್ರವಾರ ಹುಟ್ಟಿದವನು. ಶುಕ್ರವಾರ ತನ್ನ ಕೂದಲೂ ಕೊಂಕುವುದಿಲ್ಲ ಎಂಬುದು ಅವನ ನಂಬಿಕೆ. ಹೋಗುವಾಗ ನನ್ನ ಕೈಚೀಲದ ಬಿಸ್ಕತ್ತು ಎತ್ತಿಕೊಂಡು ಹೋದ.

ಸೆಪ್ಟೆಂಬರ್ ೫

ಫೀಫಿ ಸತ್ತ. ಹಿಂದಿರುಗುವಾಗ, ನೆಲೆಗೆ ಎರಡು ಮೈಲಿ ಇದೆ ಎನ್ನುವಾಗ, ವಿಮಾನ ಟರ್ನಿಪ್ ಹೊಲಕ್ಕೆ ಬಿತ್ತು. ಏಳು ಜನರೂ. ಶುಕ್ರವಾರ ಮುಗಿದು ನಾಲ್ಕು ಗಂಟೆಯಾಗಿತ್ತು.

ಸೆಪ್ಟೆಂಬರ್ ೮

ಹಳ್ಳಿಯ ಚರ್ಚಿನ ಹಿಂದೆ ಹೂಳಿದರು. ಎಲ್ಲರೂ ಹೋದ ಮೇಲೆ ಒಂದು ಬಾಟಲಿ ಬಿಯರನ್ನು ಮಣ್ಣಿಗೆ ಸುರಿದೆ. ಮಿಷನ್ ಮನೆಯಲ್ಲಿ ಬೆಳೆದವನು ಮಾಡುವ ಕೆಲಸವಲ್ಲ ಅದು. ಕೊಡಿಸು ಎಂದವನು ನಾನು, ಕೊಡಿಸಿದವನೂ ನಾನೇ ಆದೆ.

ಕಚೇರಿಯ ಅಧಿಕಾರಿ ಕರೆಸಿದರು. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರು.

"ನಿಮ್ಮ ತಮ್ಮನ ವಿಷಯ ಬಹಳ ಬೇಜಾರಾಯ್ತು, ಸಾರ್ಜೆಂಟ್ ಅಮಿಸ್ಸಾ. ಇದು ನಿಮಗೆ ಬಂದಿರೋ ತಂತಿ."

"ನನಗಾ? ಅವನ ತಾಯಿಗೆ ಹೋಗ್ಬೇಕಲ್ವಾ ಸಾರ್?"

ಅವರು ಒಂದು ಫಾರಂ ತಿರುಗಿಸಿ ತೋರಿಸಿದರು. ಹತ್ತಿರದ ಬಂಧು ಎಂಬಲ್ಲಿ ತಾಯಿಯ ಹೆಸರಿನ ಮೇಲೆ ಗೆರೆ ಎಳೆದಿತ್ತು. ಕೆಳಗೆ ಫೀಫಿಯ ಓರೆ ಅಕ್ಷರ: ಎಕೋ ಅಮಿಸ್ಸಾ, ಅಣ್ಣ.

"ಆಗಸ್ಟ್ ಹತ್ತನೇ ತಾರೀಖು ತಾನೇ ಬಂದು ಬದಲಾಯಿಸಿದ. ನಮ್ಮ ಲೆಕ್ಕದಲ್ಲಿ ಮನೆಯವರಿಗೆ ತಿಳಿಸಿದ ಹಾಗೇ ಆಯ್ತು. ತಾಯಿಗೆ ನೀವೇ ಹೇಳ್ತೀರಲ್ಲ?"

ನಾನು ಒಡಹುಟ್ಟಿದವನಲ್ಲ ಎಂದು ಹೇಳಲು ಬಾಯಿ ತೆರೆದೆ. ಗಿಣಿ ಕುಲದ ಕಥೆಯನ್ನು ಈ ದೊರೆಗೆ ಎಲ್ಲಿಂದ ಶುರುಮಾಡಲಿ? ಅಲ್ಲದೆ ಫೀಫಿ ಸುಳ್ಳನ್ನೇನೂ ಬರೆದಿರಲಿಲ್ಲ.

"ಹೇಳ್ತೀನಿ ಸಾರ್" ಎಂದೆ.

ಸೆಪ್ಟೆಂಬರ್ ೧೨, ಭಾನುವಾರ

ಯಾಕೆ ಬದಲಾಯಿಸಿದ ಎಂದು ಈಗ ಅರ್ಥವಾಯಿತು. ತಂತಿ ಸಾಲ್ಟ್‌ಪಾಂಡಿಗೆ ಹೋಗಿದ್ದರೆ ಅಂಚೆಯವನು ನಿಲ್ದಾಣದ ಗದ್ದಲದಲ್ಲಿ, ಲಾರಿಯವರ ಎದುರಿಗೆ, ಮೀನಿನ ಬಾಣಲೆಯ ಮುಂದೆ ಓದಿ ಹೇಳುತ್ತಿದ್ದ. ಹಾಗಾಗಬಾರದು, ನಾನು ಹೋಗಿ ಕೂರಿಸಿ, ನೀರು ಕೊಟ್ಟು ಹೇಳಬೇಕು ಎಂದು ನನ್ನ ಹೆಸರು ಬರೆಸಿದ್ದಾನೆ. ಅವತ್ತು ಹೇಳಬೇಕೆಂದಿದ್ದೂ ಇದೇ ಇರಬೇಕು. ನಾನು ಬಿಯರ್ ಕೇಳಿದೆ.

ಸಾಲ್ಟ್‌ಪಾಂಡಿನ ಪಾದ್ರಿಗೆ ಬರೆದರೆ ಅವರೇ ಹೋಗಿ ಹೇಳಿಯಾರು. ಬರೆಯಲು ಕೂತೆ, ಅರ್ಧ ಬರೆದು ಹರಿದೆ. ಫಾರಂನಲ್ಲಿ ಅವನು ಬರೆದದ್ದು ಪಾದ್ರಿಯ ಹೆಸರಲ್ಲ. ನನಗೆ ಹನ್ನೊಂದು ಆಗಿದೆ, ಇನ್ನು ಹತ್ತೊಂಬತ್ತು. ಮುಗಿಸಿ ಹೋಗಿ ನಾನೇ ಹೇಳುತ್ತೇನೆ.

ಆದರೆ ಅಲ್ಲಿಯವರೆಗೆ ಕಾಗದ ನಿಂತರೆ? ಎರಡು ಹಡಗು ಬಂದು ಮಗನ ಕಾಗದ ಬರದಿದ್ದರೆ ಆ ತಾಯಿಗೆ ಯಾರೂ ಹೇಳುವುದೇ ಬೇಡ.

ಸೆಪ್ಟೆಂಬರ್ ೧೯

ಬರೆದೆ. ದೇವರು ಕ್ಷಮಿಸಲಿ.

ಐದು ವರ್ಷ ಮಕ್ಕಳ ಕಾಪಿ ತಿದ್ದಿದವನಿಗೆ ಫೀಫಿಯ ಓರೆ ಅಕ್ಷರ ಬರೆಯುವುದು ಕಷ್ಟವಲ್ಲ. ಅವನ ತಪ್ಪುಗಳನ್ನೂ ಬಿಡದೆ ಹಾಕಿದೆ. ತಮಾಷೆ ಬರೆಯುವುದೇ ಕಷ್ಟವಾಯಿತು. ಮುದುಕಿ ಬಣ್ಣ ಉಜ್ಜಿದ ಕಥೆ ಬರೆದೆ. ಕೆಳಗೆ "ನಿನ್ನ ಫೀಫಿ" ಎಂದು ಬರೆಯುವಾಗ ಪೆನ್ನು ಚುಚ್ಚಿ ಕಾಗದದಲ್ಲಿ ರಂಧ್ರವಾಯಿತು. ಮತ್ತೆ ಮೊದಲಿಂದ ಬರೆದೆ.

ಕಾಗದಗಳನ್ನು ತಪಾಸಣೆ ಮಾಡುವ ಅಧಿಕಾರಿಗೆ ಫಾಂಟಿ ಬಾರದು. "ನಿಮ್ಮ ಭಾಷೆಯ ಕಾಗದದಲ್ಲಿ ಗುಟ್ಟೇನೂ ಇಲ್ಲ ಅಂತ ನೀವೇ ಓದಿ ರುಜು ಹಾಕಿ" ಎಂದರು. ಕಳ್ಳನೂ ನಾನೇ, ಕಾವಲಿನವನೂ ನಾನೇ. ರುಜು ಹಾಕಿದೆ.

ಅಕ್ಟೋಬರ್ ೨೪

ಫೀಫಿಯ ಹೆಸರಿಗೆ ಕಾಗದ ಬಂತು. 'ಅಣ್ಣ'ನಾದ್ದರಿಂದ ನನ್ನ ಕೈಗೇ ಕೊಟ್ಟರು. ಎರಡು ದಿನ ಬಿಚ್ಚಲಿಲ್ಲ. ಬಿಚ್ಚಿದಾಗ, ಯಾರೂ ಇಲ್ಲದ್ದು ನೋಡಿಕೊಂಡು, ಆ ಎಣ್ಣೆಯ ಗುರುತನ್ನು ಮೂಸಿದೆ. ಅವನು ಹೇಳಿದ್ದು ನಿಜ.

ಒಂದು ಕಡೆ ಹೀಗಿತ್ತು. ಹಾಗೇ ಇಳಿಸಿಕೊಳ್ಳುತ್ತೇನೆ:

"ನಿನ್ನ ಜೊತೆಗಿದ್ದಾನಲ್ಲ ಆ ಮೇಷ್ಟ್ರು, ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ಬರೆದಿದ್ದೆ. ಇಲ್ಲ ಅನ್ನೋದು ಯಾವ ಮಾತು? ಗಿಣಿ ಕುಲದವನಿಗೆ ನಾನಿಲ್ವಾ? ಅವನಿಗೂ ನಾನೇ ಅವ್ವ ಅಂತ ಹೇಳು. ಊಟ ಸರಿಯಾಗಿ ಮಾಡ್ತಾನಾ ಕೇಳು."

ಊಟದ ಮನೆಯಲ್ಲಿ ಕುರಿಮಾಂಸವಿತ್ತು. ಪೂರ್ತಿ ತಿಂದೆ. ತಣ್ಣಗಾಗಿತ್ತು, ಆದರೂ ತಿಂದೆ.

ನವೆಂಬರ್ ೨೪

ಬರ್ಲಿನ್, ಮತ್ತೆ ಬರ್ಲಿನ್. ಹದಿನೇಳಾಯಿತು.

"ಏನ್ ಮೇಷ್ಟ್ರೇ, ನಿನ್ನೆ ಒಂದೇ ಲೆಕ್ಕ ಮೂರು ಸಲ ಮಾಡಿದೆ. ಸೀಸದಕಡ್ಡಿ ಕೆಳಗೆ ಬಿತ್ತು. ಹುಷಾರಿಲ್ವಾ?" ಎಂದ ಹೆಬ್ಡನ್.

"ಚಳಿ, ಸ್ಕಿಪ್ಪರ್."

"ನಿನ್ನ ಮೇಜಿನ ಪಕ್ಕದಲ್ಲೇ ಬಿಸಿಗಾಳಿ ಕೊಳವೆ ಇದೆಯಲ್ಲೋ. ವಿಮಾನದಲ್ಲಿ ಬೆವರೋನು ನೀನೊಬ್ಬನೇ."

ಚಳಿಯೇ ಇರಬೇಕು. ಒಳ್ಳೆಯ ಉಣ್ಣೆಯ ಕಾಲುಚೀಲ ಕೇಳಬೇಕು.

ಬೆಳಿಗ್ಗೆ ಕಚೇರಿಗೆ ಹೋಗಿ ನನ್ನ ಫಾರಂ ತಿದ್ದಿಸಿದೆ. ಇಷ್ಟು ದಿನ ಅದರಲ್ಲಿ ಮಿಷನ್ ಶಾಲೆಯ ಹೆಡ್‌ಮಾಸ್ಟರ ಹೆಸರಿತ್ತು. ಈಗ: ಎಸಿ ಕ್ವೈನೂ, ಸಾಲ್ಟ್‌ಪಾಂಡ್, ತಾಯಿ. ಅಧಿಕಾರಿ ಕಣ್ಣೆತ್ತಿಯೂ ನೋಡಲಿಲ್ಲ. ತಮ್ಮನ ತಾಯಿ ಅಣ್ಣನಿಗೂ ತಾಯಿಯೇ ತಾನೆ! ಹೊರಗೆ ಬಂದ ಮೇಲೆ ಹೊಳೆಯಿತು, ತಂತಿ ನಿಲ್ದಾಣಕ್ಕೇ ಹೋಗುತ್ತದೆ, ಬಾಣಲೆಯ ಮುಂದೆಯೇ ಓದುತ್ತಾರೆ. ತಿರುಗಿ ಹೋಗಿ ಅಳಿಸಲು ಮನಸ್ಸಾಗಲಿಲ್ಲ. ಸಾಯದಿದ್ದರಾಯಿತು.

ಡಿಸೆಂಬರ್ ೨೬

ಅವ್ವನಿಗೆ ಉದ್ದನೆಯ ಕಾಗದ ಬರೆದೆ. ತಮಾಷೆ ಒಂದೂ ಬರಲಿಲ್ಲ. ಚಿಕ್ಕವನಿದ್ದಾಗ ಜ್ವರ ಬಂದರೆ ನೀನು ಬೆಳಗಾಗುವವರೆಗೆ ಹಣೆಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದೆ, ಕೈ ತೆಗೆದರೆ ನನಗೆ ಎಚ್ಚರವಾಗುತ್ತಿತ್ತು, ಅದು ನೆನಪಿದೆಯಾ ಎಂದು ಕೇಳಿದೆ. ಫೀಫಿಗೆ ಜ್ವರ ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದೇ ಇರುತ್ತದೆ, ಮಕ್ಕಳಿಗೆ ಬಾರದ ಜ್ವರವೇ? ಮಿಷನ್ ಮನೆಯಲ್ಲಿ ನನಗೆ ಬಂದಾಗ ಬಾಗಿಲ ಹೊರಗೆ ಗಂಜಿಯ ಬಟ್ಟಲು ಇಟ್ಟು ಹೋಗುತ್ತಿದ್ದರು. ಅಂಟು ಜ್ವರ ಎಂದು ಹೆದರಿಕೆ.

ಕಾಗದ ಒಣಗುವವರೆಗೆ ಕಾದು, ಎರಡು ಸಲ ಓದಿ, ಲಕೋಟೆಗೆ ಹಾಕಿದೆ.

ಜನವರಿ ೧೬, ೧೯೪೪

ಹಾರಾಟವಿಲ್ಲ, ಮಂಜು. ಫೀಫಿಯ ಪೆಟ್ಟಿಗೆ ತೆಗೆದು ಅವ್ವನ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದೆ. ಎಲ್ಲಾ ಸೇರಿ ಮೂವತ್ತೊಂದು. ಹಳೆಯವುಗಳಲ್ಲಿ ಹೆಬ್ಬೆರಳ ಗುರುತು ಓರೆಕೋರೆ, ನಡುವೆ ಒಂದು ಬಿಳಿ ಗೆರೆ. ಕಾಗದ ಮಡಚಿದ ಜಾಗವಿರಬೇಕು. ಹೊಸತರಲ್ಲಿ ಗೆರೆಯಿಲ್ಲ, ಸರಿಯಾಗಿ ನಡುವಿನಲ್ಲಿ, ಅಂಚೆಚೀಟಿಯಷ್ಟು ನೇರ. ವಯಸ್ಸಾದ ಮೇಲೂ ಅವ್ವನ ಕೈ ಸುಧಾರಿಸಿದೆ. ಆಗಸ್ಟ್ ಒಂಬತ್ತರಂದು ಬಂದ ಕಾಗದದಲ್ಲಿ ಗುರುತಿನ ಸುತ್ತ ಸೀಸದಕಡ್ಡಿಯಿಂದ ಒಂದು ಸುತ್ತು ಎಳೆದಿದ್ದಾನೆ ಫೀಫಿ. ಸುಮ್ಮನೆ ಕೂರಲು ಬಾರದ ಕೈ ಅವನದು, ಸಿಕ್ಕಿದ್ದರ ಮೇಲೆಲ್ಲ ಗೀಚುತ್ತಿದ್ದ.

ಇವತ್ತಿನ ಕಾಗದದಲ್ಲಿ ಬರೆದುಬಿಟ್ಟೆ: ಇನ್ನು ಎಂಟೇ ಹಾರಾಟ, ಮುಗಿಸಿ ಬರುತ್ತೇನೆ, ಹಡಗಿನಿಂದ ಇಳಿದು ಎಲ್ಲಿಗೂ ಹೋಗದೆ ಮೊದಲು ನಿನ್ನ ಮುಖ ನೋಡುತ್ತೇನೆ ಅವ್ವಾ. ಬರೆಯುವಾಗ ಅದು ಯಾರ ಮಾತೆಂದು ಯೋಚಿಸಲಿಲ್ಲ.

ಫೆಬ್ರವರಿ ೧೬

ಹೋಗುವ ಮೊದಲು ವಾಂತಿ. ಬಂದ ಮೇಲೂ ವಾಂತಿ. ಊಟದಲ್ಲಿ ಏನೋ ಸರಿಯಿಲ್ಲ. ಇಪ್ಪತ್ತನಾಲ್ಕು.

ಮಾರ್ಚ್ ೩೧

ನಮ್ಮ ನೆಲೆಯಿಂದ ಹೋದವುಗಳಲ್ಲಿ ನಾಲ್ಕು ವಿಮಾನ ಬರಲಿಲ್ಲ. ನಾವು ಬಂದೆವು. ಇಳಿದ ಮೇಲೆ ಹೆಬ್ಡನ್ ಹುಲ್ಲಿನ ಮೇಲೆ ಕೂತುಬಿಟ್ಟ. ಎಷ್ಟು ಕರೆದರೂ ಏಳಲಿಲ್ಲ. ನಾನು ಹೋಗಿ ಅವನ ಹಣೆಯ ಮೇಲೆ ಕೈ ಇಟ್ಟೆ. ಯಾಕೆ ಹಾಗೆ ಮಾಡಿದೆನೋ.

"ನೀನು ಬದಲಾಗಿದ್ದೀಯ ಮೇಷ್ಟ್ರೇ" ಎಂದ.

"ಏನೂ ಇಲ್ಲ, ನಡಿ, ಟೀ ಆರುತ್ತೆ" ಎಂದೆ. ಇಪ್ಪತ್ತೇಳು.

ಏಪ್ರಿಲ್ ೧೨, ಬುಧವಾರ

ಕಾಗದ ಬಂತು. ಬುಡದಲ್ಲಿ ಎಣ್ಣೆಯ ಗುರುತು ಇರಲಿಲ್ಲ. ಮೂಸಲು ಎತ್ತಿದ್ದನ್ನು ಇಳಿಸಿ ಓದಿದೆ.

"ಅಣ್ಣಾ,

ಈ ಸಲ ಮೇಲುಗಡೆ 'ಅವ್ವ ಹೇಳಿ ಬರೆಸಿದ್ದು' ಅಂತ ಹಾಕಿಲ್ಲ, ನೋಡಿದ್ಯಾ? ಬಂದು ಮೊದಲು ಅವ್ವನ ಮುಖ ನೋಡ್ತೀನಿ ಅಂತ ಬರೆದಿದ್ದೀಯ. ಅದನ್ನ ಓದಿದ ಮೇಲೆ ನನಗೆ ತುತ್ತು ಇಳೀತಿಲ್ಲ. ನೀನು ನಗ್ತಾ ಬಾಗಿಲಿಗೆ ಬಂದು ಅವ್ವಾ ಅಂತ ಕೂಗೋದನ್ನ ನೆನೆಸ್ಕೊಂಡ್ರೆ ಆಗ್ತಿಲ್ಲ.

ಅವ್ವ ಇಲ್ಲ ಅಣ್ಣಾ. ಹೋದ ವರ್ಷ ಜೂನ್‌ನಲ್ಲೇ ಹೋದ್ಲು. ಮಳೆಗಾಲದ ಜ್ವರ, ಮೂರೇ ದಿನ. ಆಕಾಶದಲ್ಲಿ ಇರೋನಿಗೆ ಕಾಗದದಲ್ಲಿ ಸಾವು ಕಳಿಸಬಾರದು, ಬಂದ ಮೇಲೆ ಕೂರಿಸಿ ನೀರು ಕೊಟ್ಟು ಹೇಳೋಣ ಅಂದ್ರು ಬೀದಿಯ ದೊಡ್ಡವರು. ನನಗೂ ಅದೇ ಸರಿ ಅನ್ನಿಸ್ತು. ಆವಾಗಿಂದ ಎಲ್ಲಾ ನಾನೇ ಬರೆದದ್ದು. ಹೆಬ್ಬೆರಳೂ ನಂದೇ. ಅವ್ವನ ಬೆರಳಲ್ಲಿ ಮೀನುಗತ್ತಿ ಕೊಯ್ದ ಗಾಯದ ಗೆರೆ ಇತ್ತಲ್ಲ, ಅದು ಇಲ್ಲದ್ದು ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತೆ ಅಂತ ಪ್ರತಿ ಸಲ ಒತ್ತುವಾಗ ಹೆದರ್ತಿದ್ದೆ. ಹೇಗೋ ನೀನು ನೋಡಲಿಲ್ಲ.

ನಿನ್ನ ಕಾಗದಗಳನ್ನ ಅವಳ ಗೋರಿ ಹತ್ರ ತಗೊಂಡು ಹೋಗಿ ಗಟ್ಟಿಯಾಗಿ ಓದ್ತೀನಿ. ಮೊದಲೆಲ್ಲ ನೀನು ಬರೀತಿದ್ದದ್ದು ಬರೀ ತಮಾಷೆ. ಈ ಆರು ತಿಂಗಳಿಂದ ಬರೀತಿರೋದನ್ನ ಎರಡೆರಡು ಸಲ ಓದ್ತೀನಿ. ಅವ್ವ ಇದ್ದಾಗ ಇಂಥ ಮಾತು ಒಂದಾದ್ರೂ ಬರೆದಿದ್ರೆ ಎಷ್ಟು ಹಿಗ್ತಿದ್ಲೋ. ಜ್ವರ ಬರ್ತಿದ್ದದ್ದು ನನಗೆ ಕಣಣ್ಣ, ನಿನಗಲ್ಲ. ನೀನು ಕಲ್ಲುಗುಂಡಿನ ಹಾಗಿದ್ದೆ. ದೂರದಲ್ಲಿ ಕೂತು ನನ್ನ ಜ್ವರಾನೂ ಕದ್ದುಬಿಟ್ಯಲ್ಲ ಅಂತ ಗೋರಿ ಮುಂದೆ ನಕ್ಕೆ, ಆಮೇಲೆ ಅತ್ತೆ.

ಸಿಟ್ಟು ಮಾಡ್ಕೋಬೇಡ. ಅವ್ವ ಇಲ್ಲ ಅಂತ ಬರೋದು ನಿಲ್ಲಿಸ್ಬೇಡ. ನನಗಿನ್ನು ನೀನೊಬ್ಬನೇ. ಆ ಮೇಷ್ಟ್ರಣ್ಣನ್ನೂ ಕರ್ಕೊಂಡು ಬಾ. ಅವನಿಗೂ ನಾನೇ ಅವ್ವ ಅಂತ ಬರೆದದ್ದು ನಾನು. ಆದ್ರೆ ಅದು ಸುಳ್ಳಲ್ಲ, ಅವ್ವ ಇದ್ದಿದ್ರೂ ಹಾಗೇ ಹೇಳ್ತಿದ್ಲು.

ನಿನ್ನ ತಂಗಿ ಆರಬಾ."

ಇನ್ನೇನೂ ಬರೆಯಲಾರೆ.

ಏಪ್ರಿಲ್ ೧೩

ಬೆಳಿಗ್ಗೆ ಪೆಟ್ಟಿಗೆ ತೆಗೆದು ಮೂವತ್ತೊಂದನ್ನೂ ಮತ್ತೆ ನೋಡಿದೆ. ಬಿಳಿ ಗೆರೆ ಮಡಿಕೆಯದಲ್ಲ. ಮಡಿಕೆಗಳು ಬೇರೆ ಕಡೆ ಇವೆ. ಎರಡು ಮೈಲಿ ದಾರಿ ತಪ್ಪಿದರೆ ಕತ್ತಲೆಯಲ್ಲೂ ಹಿಡಿಯುತ್ತೇನೆ ಎಂದು ಜಂಬಪಡುವ ಕಣ್ಣು ಇದು.

ಫೀಫಿ ನೋಡಿದ್ದ. ಆಗಸ್ಟ್ ಒಂಬತ್ತರಂದು, ಕಿಟಕಿಯ ಬೆಳಕಿನಲ್ಲಿ, ನನ್ನ ಎದುರಿಗೇ ನೋಡಿದ್ದ. ಹತ್ತರಂದು ಕಚೇರಿಗೆ ಹೋಗಿ 'ತಾಯಿ' ಎಂಬುದರ ಮೇಲೆ ಗೆರೆ ಎಳೆದ. ತಂತಿ ನಿಲ್ದಾಣಕ್ಕೆ ಹೋಗಬಾರದೆಂದು ಅಲ್ಲ. ತಂತಿ ತೆಗೆದುಕೊಳ್ಳಲು ಅವ್ವನೇ ಇರಲಿಲ್ಲವೆಂದು. ಆಮೇಲೆ ಮೂರು ವಾರ ತಂಗಿಗೆ ಗೊತ್ತಾಗದಂತೆ ಅವ್ವನಿಗೇ ತಮಾಷೆಯ ಕಾಗದ ಬರೆದ. ಹೆಂಡದಂಗಡಿಯಲ್ಲಿ ಮುದುಕಿಯನ್ನು ನಗಿಸಿದ್ದೂ ಆ ದಿನಗಳಲ್ಲೇ. ಕೊನೆಗೆ ತಡೆಯಲಾರದೆ ಸೆಪ್ಟೆಂಬರ್ ಮೂರರಂದು ನನ್ನ ಮೇಜಿನ ಮುಂದೆ ಬಂದು ನಿಂತ. ಅವನ ಅವ್ವ ಸತ್ತಿದ್ದಳು, ಅದನ್ನು ಹೇಳಲು ಈ ದೇಶದಲ್ಲಿ ಅವನಿಗಿದ್ದವನು ನಾನೊಬ್ಬ. ಒಂದು ಲೋಟ ನೀರು ಕೊಟ್ಟು ಕೂರಿಸಲು ನನಗೆ ಪುರಸೊತ್ತಿರಲಿಲ್ಲ.

ಸಂಜೆ ಚರ್ಚಿನ ಹಿಂದಕ್ಕೆ ಹೋಗಿದ್ದೆ. ಒಂದು ಲೋಟ ನೀರು ತೆಗೆದುಕೊಂಡು ಹೋಗಿ ಮಣ್ಣಿಗೆ ಸುರಿದೆ. ಹೇಳೋ, ಈಗ ಹೇಳೋ ಎಂದೆ. ಗಟ್ಟಿಯಾಗಿಯೇ ಅತ್ತೆ. ಸತ್ತ ಮಗ ಸತ್ತ ತಾಯಿಗೆ ಬರೆದ, ಸತ್ತ ತಾಯಿ ಸತ್ತ ಮಗನಿಗೆ ಬರೆದಳು, ನಡುವೆ ಬದುಕಿದ್ದ ಇಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕೂತು ಬರೆದೆವು. ನನಗೆ ಅವ್ವ ಸಿಕ್ಕಿದಳೆಂದು ನಾನು ಮಾಂಸ ತಿಂದ ದಿನ ಅವಳು ಹೋಗಿ ನಾಲ್ಕು ತಿಂಗಳಾಗಿತ್ತು. ಒಂದೇ ಸಲ ಸತ್ತವಳು ಆಕೆ, ನನಗೆ ಮಾತ್ರ ಇವತ್ತು ಸತ್ತಳು.

ಏಪ್ರಿಲ್ ೧೫, ಶನಿವಾರ

ಇನ್ನು ಮೂರು ಹಾರಾಟ. ಇವತ್ತೇ ಒಂದು ಇದ್ದರೂ ಇರಬಹುದು, ಬೆಳಿಗ್ಗೆಯಿಂದ ಪೆಟ್ರೋಲ್ ತುಂಬುತ್ತಿದ್ದಾರೆ.

ಮೂರೂ ಮುಗಿಸಿ, ಊರಿಗೆ ಹೋಗಿ, ಕೂರಿಸಿ ಹೇಳುವುದು ಪದ್ಧತಿ. ಆ ಪದ್ಧತಿಯನ್ನು ನಾವು ಮೂವರೂ ಪಾಲಿಸಿದೆವು. ಯಾರೂ ಯಾರಿಗೂ ಹೇಳಲಾಗಲಿಲ್ಲ. ನಾನೂ ಬೀಳುವವನಾದರೆ ಎಸಿ ಕ್ವೈನೂ ಹೆಸರಿಗೆ ತಂತಿ ಹೋಗುತ್ತದೆ, ನನ್ನನ್ನು ಮೇಷ್ಟ್ರೆಂದಷ್ಟೇ ಬಲ್ಲ ಆ ಹುಡುಗಿಗೆ ಯಾರೋ ಅಮಿಸ್ಸಾ ಎಂಬುವನ ಸಾವು ತಿಳಿಯುತ್ತದೆ. ಅಣ್ಣನ ಕಾಗದಕ್ಕಾಗಿ ಹಡಗಿನ ಮೇಲೆ ಹಡಗು ಕಾಯುತ್ತಾಳೆ. ಪಾದ್ರಿಗೆ ಬರೆಯಬಹುದು. ಬೇಡ. ಇನ್ನು ಬೇರೆಯವರ ಕೈಯಲ್ಲೂ ಬೇಡ, ಬೇರೆಯವರ ಹೆಸರಲ್ಲೂ ಬೇಡ.

ಫೀಫಿಯ ಓರೆ ಅಕ್ಷರ ಬಿಟ್ಟು ನನ್ನ ಅಕ್ಷರದಲ್ಲಿ ಬರೆದೆ. ಏಳು ತಿಂಗಳಾಗಿತ್ತು ಹಾಗೆ ಕಾಗದ ಬರೆದು. ಮೊದಲ ಹಾಳೆಯಲ್ಲಿ ಇಷ್ಟೇ:

"ತಂಗಿ ಆರಬಾ,

ಇದು ಎಕೋ, ನಿಮ್ಮ ಮೇಷ್ಟ್ರಣ್ಣ. ಈ ಕಾಗದ ನಿಂತುಕೊಂಡು ಓದಬೇಡಮ್ಮ. ನಿಲ್ದಾಣದಲ್ಲಿ ಓದಬೇಡ. ಮನೆಗೆ ತಗೊಂಡು ಹೋಗು. ಒಂದು ಲೋಟ ನೀರು ತಂದು ಪಕ್ಕದಲ್ಲಿ ಇಟ್ಕೊಂಡು ಕೂತ್ಕೋ. ನೀರು ಕುಡಿ. ಪೂರ್ತಿ ಕುಡಿ. ಆಮೇಲೆ ಹಾಳೆ ತಿರುಗಿಸು."

ಎರಡನೆಯ ಹಾಳೆ ಇನ್ನೂ ಖಾಲಿಯಿದೆ. ಬರೆಯುವ ಮೊದಲು ನಾನೂ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಂಡು ಕೂತಿದ್ದೇನೆ.